ಎಂಬತ್ತಾರರಲ್ಲಿ ನಿಂತ ಮುಳ್ಳು

"ಅಲ್ಲಾಡ್ಬೇಡಿ ಸಾ, ಮುಳ್ಳು ನಿಂತ್ಕಳ್ಳಲಿ," ಎಂದ ಗುಂಡಯ್ಯ.

ತಿಮ್ಮಪ್ಪ ಉಸಿರು ಬಿಗಿಹಿಡಿದು ನಿಂತ. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ತೂಗುವ ಈ ತಕ್ಕಡಿಯ ಪಕ್ಕದಲ್ಲಿ ಅವನು ಮೂವತ್ತು ವರ್ಷ ನಿಂತಿದ್ದ. ಮೇಲೆ ಹತ್ತಿದ್ದು ಇದೇ ಮೊದಲು. ಭಾನುವಾರ, ಹರಾಜಿರಲಿಲ್ಲ. ನೋಡುವವರು ಯಾರೂ ಇಲ್ಲವೆಂದೇ ಕಾವಲಿನ ಗುಂಡಯ್ಯನನ್ನು ಪುಸಲಾಯಿಸಿ ಬಾಗಿಲು ತೆಗೆಸಿದ್ದ.

"ಎಂಬತ್ತಾರು," ಎಂದ ಗುಂಡಯ್ಯ. "ಒಳ್ಳೇ ಬೇಲು ಕಣ್ ಸಾ."

ತಿಮ್ಮಪ್ಪನಿಗೆ ನಗು ಬರಲಿಲ್ಲ. ಅರಕಲಗೂಡಿನ ಡಾಕ್ಟರ ಷಾಪಿನ ತೂಕದ ಯಂತ್ರ ಸುಳ್ಳು ಹೇಳುತ್ತಿದೆ ಎಂದು ಐದು ವಾರದಿಂದ ನಂಬಿಕೊಂಡಿದ್ದ. ಅಲ್ಲಿಯೂ ಎಂಬತ್ತಾರು, ಇಲ್ಲಿಯೂ ಎಂಬತ್ತಾರು. ಈ ತಕ್ಕಡಿಯನ್ನು ಮಾತ್ರ ಅವನು ಅನುಮಾನಿಸುವಂತಿರಲಿಲ್ಲ. ವರ್ಷಕ್ಕೊಮ್ಮೆ ಕಲ್ಲಿಟ್ಟು ಪರೀಕ್ಷೆ ಮಾಡಿಸುತ್ತಿದ್ದವನು ಅವನೇ.

ಅನುಮಾನ ಅವನ ಕಸುಬಾಗಿತ್ತು. ಖರೀದಿ ಕಂಪನಿಯ ಕಡೆಯಿಂದ ಸೊಪ್ಪು ನೋಡುವ ಕೆಲಸ ಅವನದು. ತೂಕ ಬರಲಿ ಎಂದು ಒಣಸೊಪ್ಪಿಗೆ ನೀರು ಚಿಮುಕಿಸಿ ಕಟ್ಟಿ ತರುವವರು ಪ್ರತಿ ವರ್ಷವೂ ಇದ್ದರು. ಮೇಲೆ ನೋಡಿದರೆ ಗೊತ್ತಾಗುವುದಿಲ್ಲ, ಮೂಸಿದರೂ ಕೆಲವು ಸಲ ಗೊತ್ತಾಗುವುದಿಲ್ಲ. ತಿಮ್ಮಪ್ಪ ಬೇಲಿನೊಳಕ್ಕೆ ಕೈ ತೂರಿಸಿ ಹೆಬ್ಬೆರಳಿಂದ ಒಂದು ಸಲ ಒತ್ತುತ್ತಿದ್ದ. ಹದವಾಗಿ ಒಣಗಿದ ಸೊಪ್ಪಾದರೆ ಬೆರಳು ತೆಗೆದೊಡನೆ ಪುಟಿದೇಳುತ್ತದೆ. ನೀರು ಕುಡಿದದ್ದಾದರೆ ಒತ್ತಿದ ಗುಳಿ ಹಾಗೇ ಉಳಿಯುತ್ತದೆ. ಹೀಗಾಗಿ ಅವನಿಗೆ ಹೆಬ್ಬೆಟ್ಟು ತಿಮ್ಮಪ್ಪ ಎಂದು ಹೆಸರು. ಪಾಪ, ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದವನನ್ನು ಹೊಸಬರು ಓದುಬರಹ ಬಾರದವನೆಂದೇ ತಿಳಿಯುತ್ತಿದ್ದರು.

ಅಣ್ಣ ದೊಡ್ಡಯ್ಯ ಮೂರು ವರ್ಷದ ಹಿಂದೆ ಇದೇ ಕಟ್ಟೆಯಲ್ಲಿ, ಬೇಲುಗಳ ಸಾಲಿನ ನಡುವೆ ಎದೆ ಹಿಡಿದು ಕುಳಿತವನು ಮೇಲೇಳಲಿಲ್ಲ. ಈ ವರ್ಷ ಗೌರಿ ಹಬ್ಬದ ಹೊತ್ತಿಗೆ ತಿಮ್ಮಪ್ಪನಿಗೂ ಎದೆ ಹಿಡಿದಂತಾಯಿತು. ಅರಕಲಗೂಡಿನ ಡಾಕ್ಟರ್ ಕೇದಾರ್ ಪರೀಕ್ಷೆ ಮಾಡಿ, "ತೊಂಬತ್ತೆರಡು ಕಿಲೋ ಇದ್ದೀರಿ. ಮೂರು ತಿಂಗಳಲ್ಲಿ ಎಂಬತ್ತಕ್ಕೆ ಇಳೀರಿ. ದಿನಾ ನಡೀರಿ, ನಡೆದ ಮೇಲೆ ನಾಡಿ ಎಣಿಸಿ ಬರ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಮೈಸೂರಿಗೆ ಕಳಿಸ್ತೀನಿ. ನಡುವೆ ಏನಾದ್ರೂ ಹೆಚ್ಚುಕಡಿಮೆ ಅನ್ಸಿದ್ರೆ ಮೂರು ತಿಂಗಳು ಕಾಯ್ಬೇಡಿ," ಎಂದಿದ್ದರು. ಕೊನೆಯ ಮಾತು ತಿಮ್ಮಪ್ಪನ ಕಿವಿಗೆ ಬೀಳಲಿಲ್ಲ. ಕಿವಿಯಲ್ಲಿ ಉಳಿದದ್ದು ಮೈಸೂರು ಒಂದೇ. ಎದೆನೋವೆಂದು ಬಸ್ಸಿನಲ್ಲಿ ಮೈಸೂರಿಗೆ ಹೋದವರು ವ್ಯಾನಿನಲ್ಲಿ ಮಲಗಿಕೊಂಡು ವಾಪಸು ಬಂದದ್ದನ್ನು ಅವನು ಎರಡು ಸಲ ನೋಡಿದ್ದ. ಅವನಿಗೆ ಭಯವಾಗಿತ್ತು.

ಆರು ಕಿಲೋ ಏಳು ವಾರದಲ್ಲಿ ಸರಸರನೆ ಇಳಿಯಿತು. ಆಮೇಲೆ ಮುಳ್ಳು ಎಂಬತ್ತಾರಕ್ಕೆ ಬಂದು ಬೇರು ಬಿಟ್ಟಿತು. ನಿವೃತ್ತ ಮೇಷ್ಟ್ರು ಅಪ್ಪಾಜಿ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು. "ಒಂದು ಹಂತಕ್ಕೆ ಬಂದು ನಿಲ್ಲುತ್ತೆ ಕಣ್ರೀ, ಎಲ್ಲರಿಗೂ ಹಾಗೇ. ದೇಹ ಒಗ್ಗಿಹೋಗಿರುತ್ತೆ. ಇನ್ನೂ ಸ್ವಲ್ಪ ಬಿರುಸಾಗಿ ನಡೀರಿ." ತಿಮ್ಮಪ್ಪ ಬಿರುಸಾಗಿ ನಡೆಯಲು ಹೋದ. ಮೊದಲೆಲ್ಲ ಬಸವಾಪಟ್ಟಣದ ರಸ್ತೆಯ ಎರಡನೇ ಮೈಲಿಕಲ್ಲು ಮುಟ್ಟಿ ಬರುತ್ತಿದ್ದವನಿಗೆ ಈಗ ಒಂದನೆಯದೇ ದೂರವಾಗಿತ್ತು. ರಸ್ತೆ ಅಗಲ ಮಾಡುವವರು ಕಲ್ಲನ್ನು ಕಿತ್ತು ಮುಂದೆ ನೆಟ್ಟಿರಬೇಕು ಎಂದು ಒಂದು ದಿನ ಬಗ್ಗಿ ಅದರ ಬುಡದ ಮಣ್ಣನ್ನೂ ನೋಡಿದ. ಮಣ್ಣು ಹಳೆಯದೇ ಆಗಿತ್ತು.

ಇನ್ನು ಅನುಮಾನಿಸಲು ಉಳಿದದ್ದು ಹೆಂಡತಿ.

ತಕ್ಕಡಿಯಿಂದ ಇಳಿದು ಮನೆಗೆ ಬಂದವನು ನೇರ ಅಡಿಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮೇಲೆ ಮೂಗಿಟ್ಟ. ರೇವಮ್ಮ ಮುದ್ದೆ ತಿರುವುತ್ತಿದ್ದಳು.

"ಒಗ್ಗರಣೆ ಯಾವ್ದ್ರಲ್ಲಿ ಆಕ್ದೆ?"

"ಎಣ್ಣೇಲಿ. ಒಂದೇ ಚಮ್ಚ."

"ತುಪ್ಪದ ವಾಸ್ನೆ ಒಡೀತದೆ."

ರೇವಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು. "ಮೂರ್ ತಿಂಗ್ಳಿಂದ ಈ ಮನೇಲಿ ತುಪ್ಪ ಕಾಯ್ಸಿಲ್ಲ. ದೀಪಾವಳೀಲಿ ಕಜ್ಜಾಯಾನೂ ಸುಡ್ಲಿಲ್ಲ. ನಿಮ್ಗೆ ಅರ್ಧ ಮುದ್ದೆ ಅಂತ ನಾನೂ ಅರ್ಧಾನೇ ಉಣ್ತಾ ಇವ್ನಿ."

"ಅಂಗಾರೆ ತೂಕ ಎಲ್ಲಿಂದ ಬತ್ತದೆ? ಗಾಳಿಯಿಂದ್ಲಾ? ನನ್ನ ಇಳಿಸ್ಬಾರ್ದು ಅಂತ ಯಾರೋ ಒಬ್ರು ಒಳಗಿದ್ದೇ ಮಾಡ್ತಾವ್ರೆ."

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೂ ಹೆಚ್ಚಾಯಿತೆನ್ನಿಸಿತು. ಆದರೆ ಹಿಂದಕ್ಕೆ ತೆಗೆದುಕೊಂಡು ಅವನಿಗೆ ಅಭ್ಯಾಸವಿರಲಿಲ್ಲ. ರೇವಮ್ಮನ ಕಣ್ಣು ತುಂಬಿತು, ಜೊತೆಗೇ ಸಿಟ್ಟೂ ಬಂತು.

"ಅದ್ನ ಬಸ್‌ಸ್ಟ್ಯಾಂಡ್ ಓಟ್ಲಲ್ಲಿ ಕೇಳಿ," ಎಂದಳು. "ನಡಿಯಕ್ಕೆ ಓದೋರು ಮೊದ್ಲು ಒಂದ್ ಗಂಟೇಲಿ ಬತ್ತಿದ್ರಿ. ಈಗ ಒಂದೂವರೆ ಗಂಟೆ ಆಯ್ತದೆ. ಆ ಅರ್ಧ ಗಂಟೆ ಎಲ್ಲೋಯ್ತದೆ ಅಂತ ನಾನೇನಾದ್ರೂ ಕೇಳಿದ್ನಾ? ನಾಳೀಕೆ ನಾನೂ ಬತ್ತೀನಿ."

"ಬಾ. ನೋಡು ಬಾ."

ಆ ರಾತ್ರಿ ಅವನು ಸರಿಯಾಗಿ ನಿದ್ದೆ ಮಾಡಲಿಲ್ಲ. ದಿಂಬಿನ ಹತ್ತಿ ಕೂತುಹೋಗಿದೆಯೆಂದು ಒಂದು ವಾರದಿಂದ ಎರಡು ದಿಂಬು ಇಟ್ಟುಕೊಳ್ಳುತ್ತಿದ್ದ. ಈಗ ಮೂರನೆಯದನ್ನೂ ಎಳೆದುಕೊಂಡ.

ಬೆಳಿಗ್ಗೆ ಇಬ್ಬರೂ ಹೊರಟರು. ಶೂ ಹಾಕಿಕೊಳ್ಳುವಾಗ ತಿಮ್ಮಪ್ಪ ಗೊಣಗಿದ. ಹಾಸನದ ಅಂಗಡಿಯವನು ಎಂಟು ನಂಬರು ಎಂದು ಏಳು ಕಟ್ಟಿಕೊಟ್ಟಿದ್ದಾನೆ, ಕಾಲೇ ಹೋಗುತ್ತಿಲ್ಲ ಎಂದ. "ತಂದಾಗ ಸರಿಯಾಗೇ ಇತ್ತಲ್ಲ?" ಎಂದಳು ರೇವಮ್ಮ. ಅವನು ದಾರ ಸಡಿಲಿಸಿಕೊಂಡ.

ಬಸ್‌ಸ್ಟ್ಯಾಂಡಿನಲ್ಲಿ ಮಂಜು ಇನ್ನೂ ಸರಿದಿರಲಿಲ್ಲ. ಹೋಟೆಲಿನವನು ಬಾಣಲೆಯ ಮುಂದೆ ನಿಂತಿದ್ದವನು ಇವರನ್ನು ನೋಡಿ, "ಏನ್ ತಿಮ್ಮಪ್ಪಣ್ಣ, ನಮ್ಮನ್ನ ಮರ್ತೇಬುಟ್ರಾ? ಗೌರಿ ಅಬ್ಬದಿಂದ ಈ ಕಡೆ ತಲೆ ಆಕಿಲ್ಲ. ನೀವಾರಾ ಕರ್ಕಬನ್ನಿ ಅಕ್ಕಾ," ಎಂದು ಕೂಗಿದ.

ರೇವಮ್ಮ ತಲೆ ತಗ್ಗಿಸಿದಳು. ತಿಮ್ಮಪ್ಪ ಗೆದ್ದವನಂತೆ ನಾಲ್ಕು ಹೆಜ್ಜೆ ಮುಂದೆ ಹಾಕಿದ. ಐದನೆಯದಕ್ಕೆ ಉಸಿರು ಸಾಲದೆ ನಿಂತ. ಹಿಂದಿನಿಂದ ಬಂದ ರೇವಮ್ಮ ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದಾಗ ಬಳೆಗಳು ಜಾರಿ ಮೊಣಕೈವರೆಗೂ ಹೋದವು. ಮದುವೆಯಾದಾಗಿನಿಂದ ಮಣಿಕಟ್ಟನ್ನು ಬಿಟ್ಟು ಅಲ್ಲಾಡದಿದ್ದ ಬಳೆಗಳು. ರವಿಕೆಯ ತೋಳು ಜೋತುಬಿದ್ದಿತ್ತು. ಅರ್ಧ ಮುದ್ದೆ ನಿಜವೇ ಎಂದು ಅವನಿಗೆ ಆಗ ತಿಳಿಯಿತು. ಇಳಿಯಬೇಕಾದವನು ತಾನು, ಇಳಿದದ್ದು ಅವಳು. ನಾಚಿಕೆಯಾಯಿತು.

ಒಂದನೇ ಮೈಲಿಕಲ್ಲು ಕಾಣುವ ಮೊದಲೇ ಅವನು ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕುಳಿತು ಮಣಿಕಟ್ಟಿಗೆ ಮೂರು ಬೆರಳು ಇಟ್ಟ. ಹದಿನೈದು ಸೆಕೆಂಡಿಗೆ ಮೂವತ್ತಮೂರು. ನಾಲ್ಕರಿಂದ ಗುಣಿಸಿದರೆ ನೂರಮೂವತ್ತೆರಡು. ಮೊದಲ ವಾರ ಇದರ ಎರಡರಷ್ಟು ದೂರ ನಡೆದಾಗ ಬರೆದುಕೊಂಡದ್ದು ನೂರನಾಲ್ಕು. ಗಡಿಯಾರವನ್ನು ಬಿಚ್ಚಿ ಕಿವಿಗೆ ಹಿಡಿದ, ಅಲ್ಲಾಡಿಸಿದ, ಮತ್ತೆ ಕಿವಿಗೆ ಹಿಡಿದ.

"ಗಡಿಯಾರ ನೆಟ್ಗೇ ಐತೆ ಕಣ್ರೀ," ಎಂದಳು ರೇವಮ್ಮ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮುಖ ಯಾಕಿಂಗೆ ಬೆವ್ತದೆ, ಇಷ್ಟು ಚಳೀಲಿ?"

"ಶೂ ಬಿಗಿ. ಅದ್ಕೇ ನಡಿಯಕ್ಕಾಯ್ತಿಲ್ಲ."

"ಕೊಡಿ ಇಲ್ಲಿ."

ಅವನೇ ಬಗ್ಗಲು ನೋಡಿದ. ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ರೇವಮ್ಮ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು ದಾರ ಬಿಚ್ಚಿದಳು, ಶೂ ಎಳೆದಳು, ಕಾಲುಚೀಲವನ್ನು ಕೆಳಕ್ಕೆ ಸುರುಳಿಸಿದಳು. ಚೀಲದ ಅಂಚು ಕಣಕಾಲಿನಲ್ಲಿ ಹಗ್ಗ ಕಟ್ಟಿದಷ್ಟು ಆಳವಾಗಿ ಅಚ್ಚೊತ್ತಿತ್ತು. ಅದರ ಮೇಲೂ ಕೆಳಗೂ ಚರ್ಮ ಬಿಗಿದು ಹೊಳೆಯುತ್ತಿತ್ತು.

ತಿಮ್ಮಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಎತ್ತಿಟ್ಟುಕೊಂಡ. ಆಮೇಲೆ, ಯಾರದೋ ಬೇಲನ್ನು ನೋಡುವವನಂತೆ, ಹೆಬ್ಬೆರಳನ್ನು ಕಣಕಾಲಿನ ಮೂಳೆಯ ಪಕ್ಕದಲ್ಲಿಟ್ಟು ಒಂದು ಸಲ ಒತ್ತಿದ. ಬೆರಳು ತೆಗೆದ.

ಗುಳಿ ಹಾಗೇ ಉಳಿಯಿತು.

ಕಾದ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ಬಂದು, ಗಂಟೆ ಬಾರಿಸಿ, ತಿರುವಿನಲ್ಲಿ ಮರೆಯಾಯಿತು. ಗುಳಿ ಇನ್ನೂ ಅಲ್ಲೇ ಇತ್ತು. ಮೂವತ್ತು ವರ್ಷದಲ್ಲಿ ಸಾವಿರಾರು ಬೇಲುಗಳನ್ನು ವಾಪಸು ಕಳಿಸಿದ ಬೆರಳಿಗೆ ತಪ್ಪುವ ಸಂಗತಿ ಇದಾಗಿರಲಿಲ್ಲ.

"ತುಪ್ಪ ಅಲ್ಲ ಕಣೆ," ಎಂದ. "ನೀರು."

ಅವನ ಕಸುಬಿನ ಮಾತನ್ನು ಮೂವತ್ತು ವರ್ಷ ಊಟಕ್ಕೆ ಬಡಿಸುತ್ತ ಕೇಳಿದವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳೂ ತನ್ನ ಹೆಬ್ಬೆರಳನ್ನು ಆ ಗುಳಿಯ ಪಕ್ಕದಲ್ಲಿಟ್ಟು ಮೆಲ್ಲಗೆ ಒತ್ತಿ ನೋಡಿದಳು. ಈಗ ಎರಡಾದವು.

"ಅರಕಲಗೂಡಿಗೆ ಎಷ್ಟೊತ್ತಿಗೆ ಬಸ್ಸು?" ಎಂದಳು.

"ಎಂಟಕ್ಕೊಂದು ಐತೆ. ರೇವೂ, ನಿನ್ನೆ ನಾನು..."

"ಏಳಿ. ಮಾತಾಡಿ ಉಸುರು ಕಳೀಬೇಡಿ."

ಬಸ್‌ಸ್ಟ್ಯಾಂಡಿನ ಕಡೆಗೆ ಅವರು ಬಹಳ ನಿಧಾನವಾಗಿ ನಡೆದರು. ಅವನು ಬರಿಗಾಲಿನಲ್ಲಿದ್ದ. ರೇವಮ್ಮ ಒಂದು ಕೈಯಲ್ಲಿ ಶೂಗಳನ್ನು ಹಿಡಿದುಕೊಂಡು, ಇನ್ನೊಂದು ಕೈಯ ಮೂರು ಬೆರಳನ್ನು, ಅವನು ದಿನಾ ಮಾಡುತ್ತಿದ್ದುದನ್ನು ನೋಡಿ ಕಲಿತಂತೆ, ಅವನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಿದ್ದಳು. ಅವಳ ಹತ್ತಿರ ಗಡಿಯಾರವಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಜಾರಿ ಬಂದ ಬಳೆಗಳು ಅವನ ಕೈಗೆ ತಣ್ಣಗೆ ತಾಗುತ್ತಿದ್ದವು.