ನಲವತ್ತೊಂದನೆಯ ಕಂತಿನ ನಂತರ

ಶ್ರಾವಣದ ಜಿಟಿಜಿಟಿ ಮಳೆ. ಕಟ್ಟಿದ ಬೀಡಿ ಒಣಗದೆ, ನಿಪ್ಪಾಣಿ ಸೀಮೆಯ ಆ ಬೀಡಿ ಕೊಟ್ಟಿಗೆಯಲ್ಲಿ ಬೆಳಗಿನಿಂದಲೇ ಇದ್ದಿಲ ಒಲೆ ಉರಿಯುತ್ತಿತ್ತು. ಹದಿನೆಂಟು ಹೆಂಗಸರು ತೊಡೆಯ ಮೇಲೆ ಬಿದಿರಿನ ಮೊರ ಇಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟುತ್ತಿದ್ದರು. ಅದೇ ದಾರದಿಂದ ಅವರಲ್ಲೊಬ್ಬಳಾದ ಚಂಪವ್ವ ನನ್ನನ್ನು ಹೊಲಿದಳು. ನಾನು ಒಂದು ವಾರಪತ್ರಿಕೆಯಿಂದ ಕತ್ತರಿಸಿದ ಧಾರಾವಾಹಿಯ ಹಾಳೆಗಳ ಕಟ್ಟು. ಇಂದಿಗೂ ನನ್ನ ಮೈಯಲ್ಲಿ ತಂಬಾಕಿನ ವಾಸನೆಯಿದೆ.

ನನ್ನೊಳಗಿನ ಕಥೆ ಮಾತ್ರ ನನಗಿಂತ ನೂರು ವರ್ಷ ಹಿರಿಯದು. ಫ್ರಾನ್ಸ್ ದೇಶದ ದಿನಪತ್ರಿಕೆಯೊಂದರಲ್ಲಿ ಅದು ತುಣುಕು ತುಣುಕಾಗಿ ಅಚ್ಚಾಗಿತ್ತಂತೆ. ಜನ ನಾಳೆಯ ಪತ್ರಿಕೆಯನ್ನೂ ಕೊಳ್ಳಬೇಕಲ್ಲ, ಹಾಗಾಗಿ ಪ್ರತಿ ಕಂತಿನ ಕೊನೆಗೆ ನಾಯಕ ಸಾವಿನ ಬಾಯಲ್ಲಿರುತ್ತಿದ್ದ. ಆಮೇಲೆ ಯಾರೋ ಅದನ್ನು ಇಂಗ್ಲಿಷಿಗೆ ತಂದರು, ಇನ್ಯಾರೋ ಕನ್ನಡಕ್ಕೆ. ಅಷ್ಟು ದೂರದಿಂದ ಬಂದದ್ದು ಈ ಕೊಟ್ಟಿಗೆಯ ಮಣ್ಣು ನೆಲದ ಮೇಲೆ ಕೂತಿತು.

ಚಂಪವ್ವ ಏಳನೆಯ ತರಗತಿಯವರೆಗೆ ಓದಿದ್ದ ವಿಧವೆ. ಕೊಟ್ಟಿಗೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಶನಿವಾರ ಪತ್ರಿಕೆ ಬಂದರೆ ಅವಳು ಗಟ್ಟಿಯಾಗಿ ಓದಬೇಕು, ಉಳಿದವರು ಕೈಕೆಲಸ ನಿಲ್ಲಿಸದೆ ಕೇಳಬೇಕು. ಓದುವವಳು ಬೀಡಿ ಕಟ್ಟಲಾರಳು. ಆದ್ದರಿಂದ ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಹಿಡಿ ಅವಳ ಮೊರಕ್ಕೆ ಹಾಕುವುದು ಅಲ್ಲಿಯ ಪದ್ಧತಿ.

ಕಥೆಯ ನಾಯಕ ಎತ್ಯೇನ್. ಹಗಲು ಗಡಿಯಾರ ರಿಪೇರಿ ಮಾಡುವ ಬಡಪಾಯಿ, ಕತ್ತಲಾದರೆ ಮುಖವಾಡ ಹಾಕಿ, ಕರಿ ಮೇಲಂಗಿ ಹೊದ್ದು, ದುಷ್ಟರ ಬಾಗಿಲ ಮೇಲೆ ಸುಣ್ಣದ ಗುರುತು ಬರೆದು ಹೋಗುವ ಕತ್ತಿವೀರ. ಹೆಂಗಸರು ಅವನನ್ನು ಯಂಕಪ್ಪ ಎಂದೇ ಕರೆಯುತ್ತಿದ್ದರು.

"ನಿಮ್ಮ ಯಂಕಪ್ಪ ಒಂದ್ ಬೀಡಿನರ ಸೇದ್ತಾನೇನು? ಬರೇ ಕತ್ತಿ ಹಿಡಕೊಂಡು ಅಡ್ಡಾಡ್ತಾನ," ಎಂದು ಗೌರವ್ವ ಅಣಕಿಸುತ್ತಿದ್ದಳು. "ಸೇದಿದ್ರ ನಮ್ಮ ಹೊಟ್ಟಿಗರ ಆಗ್ತಿತ್ತು."

ಮುದುಕಿ ಹುಸೇನಬಿ ಮಾತ್ರ ನಗುತ್ತಿರಲಿಲ್ಲ. ಕಥೆಯಲ್ಲಿ ಎತ್ಯೇನನ ತಾಯಿ ಊರಾಚೆ ಒಂದು ಖಾನಾವಳಿ ನಡೆಸುತ್ತಿದ್ದಳು. ಮಗ ಹಡಗಿನಲ್ಲಿ ಸತ್ತನೆಂದು ಅವಳು ನಂಬಿದ್ದಳು. ಮುಖವಾಡದವನು ಬಂದಾಗಲೆಲ್ಲ ರೊಟ್ಟಿ ಕೊಡುತ್ತಿದ್ದಳು, ಯಾರೆಂದು ತಿಳಿಯದೆ. ಹುಸೇನಬಿಯ ಸ್ವಂತ ಮಗ ಸಿಟ್ಟು ಮಾಡಿ ಮನೆ ಬಿಟ್ಟು ಒಂಬತ್ತು ವರ್ಷವಾಗಿತ್ತು. ಸುದ್ದಿಯಿರಲಿಲ್ಲ. ನೀರು ಕುಡಿಯುವಾಗ ಅವನು ಎಡಗಣ್ಣು ಮುಚ್ಚುತ್ತಿದ್ದನೆಂದು ಚಂಪವ್ವನಿಗೆ ಒಮ್ಮೆ ಹೇಳಿದ್ದಳು.

"ಆ ತಾಯಿಗೆ ಮಗನ ಗುರ್ತು ಹತ್ತತೈತೋ ಇಲ್ಲೋ, ಅದೊಂದು ಹೇಳು," ಎಂದು ಪ್ರತಿ ವಾರವೂ ಕೇಳುತ್ತಿದ್ದಳು.

"ಇನ್ನ ಬಂದಿಲ್ಲವ್ವಾ. ಬಂದ್ಕೂಡಲೆ ಓದ್ತೀನಿ."

ನಲವತ್ತೊಂದನೆಯ ಕಂತು ಎತ್ಯೇನ್ ಖಾನಾವಳಿಯ ಹೊಸ್ತಿಲಲ್ಲಿ ಗಾಯಗೊಂಡು ಬಿದ್ದಲ್ಲಿಗೆ ಮುಗಿಯಿತು. ಅದರೊಂದಿಗೆ ಪತ್ರಿಕೆಯೂ ನಿಂತುಹೋಯಿತು. ಒಂದು ಶನಿವಾರ ಬರಲಿಲ್ಲ. ಮುಂದಿನದೂ ಬರಲಿಲ್ಲ. ಚಂಪವ್ವ ಅಂಚೆಯವನನ್ನು ಕೇಳಿ ಬಂದಳು. ಹದಿನೇಳು ಜನರ ಕೈಯಿಂದ ಇಷ್ಟು ತಿಂಗಳು ಹಿಡಿ ಹಿಡಿ ಬೀಡಿ ಪಡೆದವಳು ಅವಳು. ಪತ್ರಿಕೆ ನಿಂತದ್ದನ್ನು ಯಾರಿಗೂ ತಿಳಿಸಲಿಲ್ಲ.

ಹುಸೇನಬಿಗೆ ಆಗ ಕೆಮ್ಮು ಹೆಚ್ಚಾಗಿತ್ತು. ಮೂರನೆಯ ಶನಿವಾರ ಚಂಪವ್ವ ನನ್ನನ್ನು ತೆರೆದು, ಕೊನೆಯ ಹಾಳೆಯ ಬೆನ್ನಿಗೆ ತಿರುವಿದಳು. ಅಲ್ಲಿದ್ದುದು ತಲೆಗೂದಲ ಎಣ್ಣೆಯ ಜಾಹೀರಾತು. ಅವಳ ಬೆರಳು ಆ ಸಾಲುಗಳ ಮೇಲೆ ನಿಧಾನವಾಗಿ ಸರಿಯಿತು. ಅವಳು ಓದತೊಡಗಿದಳು.

ಗಾಯಗೊಂಡವನು ನೀರು ಕೇಳಿದ. ತಾಯಿ ತಂಬಿಗೆ ಕೊಟ್ಟಳು. ಅವನು ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆ ಮೇಲೆತ್ತಿ, ತುಟಿಗೆ ತಾಕಿಸದೆ ಗಟಗಟ ಕುಡಿದ. ಕುಡಿಯುವಾಗ ಚಿಕ್ಕಂದಿನಂತೆಯೇ ಎಡಗಣ್ಣು ಮುಚ್ಚಿದ. ಆ ಕಣ್ಣು ನೋಡಿ ತಾಯಿ ಅವನ ಮುಖವಾಡದ ಮೇಲೆಯೇ ಕೈಯಾಡಿಸಿ, ಯಾವಾಗ ಬಂದೆಪಾ, ಎಂದಳು.

ಕೊಟ್ಟಿಗೆಯಲ್ಲಿ ಕತ್ತರಿಗಳ ಸದ್ದು ನಿಂತಿತ್ತು. ಗೌರವ್ವ ಹುಬ್ಬು ಗಂಟಿಕ್ಕಿದಳು.

"ಅಲ್ಲಬೇ, ಆ ದೇಶದಾಗ ಸೈತ ನೀರು ಎತ್ತಿ ಕುಡೀತಾರೇನು?"

ಚಂಪವ್ವ ಜಾಹೀರಾತಿನ ಮೇಲೆ ಅಂಗೈ ಮುಚ್ಚಿದಳು.

"ಕುಡೀತಾರ," ಎಂದಳು ಹುಸೇನಬಿ. "ಅವರಿಗೇನು ನೀರಡಿಕಿ ಬ್ಯಾರೆ ಇರ್ತೈತಿ? ಸುಮ್ನ ಎಲಿ ಕತ್ತರಸು."

ಸಂಜೆ ಎಲ್ಲರೂ ಹೋದಮೇಲೆ ಹುಸೇನಬಿ ತನ್ನ ಪಾಲಿನ ಹಿಡಿಯನ್ನು ಚಂಪವ್ವನ ಮೊರಕ್ಕೆ ಹಾಕಿದಳು.

"ಬ್ಯಾಡವ್ವಾ. ಇವತ್ತ ನಾ ಓದಿಲ್ಲ."

"ನೀ ಓದಿಲ್ಲಂತ ನನಗೂ ಗೊತ್ತೈತಿ. ತಗೋ."

ಸುಗ್ಗಿಗೆ ಮೊದಲೇ ಆ ಮುದುಕಿ ತೀರಿಕೊಂಡಳು. ಆಮೇಲೆ ಚಂಪವ್ವ ನನ್ನನ್ನು ತೆರೆಯಲಿಲ್ಲ. ಕೆಲಸ ಮನೆಮನೆಗೆ ಹಂಚಿಹೋಗಿ ಕೊಟ್ಟಿಗೆ ಮುಚ್ಚಿತು. ಬಹಳ ವರ್ಷ ಅವಳ ಮನೆಯ ಜಂತಿಯ ಸಂದಿನಲ್ಲಿದ್ದೆ. ಅವಳ ಕಣ್ಣಿಗೆ ಪೊರೆ ಬಂದ ಕಾಲಕ್ಕೆ, ಮನೆಗೆ ಸುಣ್ಣ ಬಳಿಯುವಾಗ, ಸೊಸೆ ನನ್ನನ್ನು ರದ್ದಿಗೆ ಹಾಕಿದಳು.

ಬೆಳಗಾವಿಯ ರದ್ದಿ ಅಂಗಡಿಯಲ್ಲಿ ಗುರುಪಾದ ಹಂಜಿ ಎಂಬವನು ನನ್ನನ್ನು ನಿಂತಲ್ಲೇ ಅರ್ಧ ಓದಿದ. ಅವನು ಪಾಕೆಟ್ ಕಾದಂಬರಿ ಬರೆಯುವವನು. ಮನೆಗೊಯ್ದು ನನ್ನನ್ನು ಮೇಜಿನ ಮೇಲಿಟ್ಟ. ತನ್ನ ಕಥೆಗೆ ನನ್ನ ಮುಖವಾಡ ತೆಗೆದುಕೊಂಡ, ಮೇಲಂಗಿ ತೆಗೆದುಕೊಂಡ, ಎರಡು ಹೆಸರಿನ ಬಾಳು ತೆಗೆದುಕೊಂಡ. ಅವನ ವೀರ ಹುಬ್ಬಳ್ಳಿಯ ರೈಲಿನ ಮೇಲೆ ಓಡಿದ, ಕಳ್ಳಸಾಗಣೆಯವರನ್ನು ಬಡಿದ. ಪುಸ್ತಕಗಳು ಬಸ್ ಸ್ಟ್ಯಾಂಡುಗಳಲ್ಲಿ ಮಾರಿಹೋದವು. ಮುಂದೆ ಅವನ ಮೇಜಿಗೆ ಬಣ್ಣದ ಚಿತ್ರಕಥೆಗಳು ಬಂದವು. ಬೇರೆ ಬೇರೆ ದೇಶದವು. ಅವುಗಳಲ್ಲೂ ಮುಖವಾಡ, ಮೇಲಂಗಿ, ಹಗಲಿಗೊಂದು ಹೆಸರು. ಅವು ನನ್ನ ನೆಂಟರೆಂದು ನಾನು ಗುರುತಿಸಿದೆ. ಅವು ನನ್ನನ್ನು ಗುರುತಿಸಲಿಲ್ಲ, ಗುರುತಿಸಲು ಅವುಗಳಿಗೆ ಕಾರಣವೂ ಇರಲಿಲ್ಲ.

ಹಂಜಿಯ ವೀರನಿಗೂ ಒಬ್ಬ ತಾಯಿಯಿದ್ದಳು, ಮಗನೆಂದು ತಿಳಿಯದೆಯೇ ಅವನಿಗೆ ಬಾಗಿಲು ತೆರೆಯುತ್ತಿದ್ದಳು. ಕರಡು ತಿದ್ದುತ್ತಿದ್ದ ಹೆಂಡತಿ ಗೋದಕ್ಕ ಒಮ್ಮೆ ಕೇಳಿದಳು.

"ಈ ಸಲನರ ಆಕಿಗೆ ಮಗನ ಗುರ್ತು ಸಿಗ್ಲಿ ಅಲ್ರೀ. ಪಾಪ, ಎಷ್ಟ್ ಪುಸ್ತಕ ಆತು."

"ಗುರ್ತು ಸಿಕ್ರ ಕಥಿ ಮುಗೀತಲ್ಲ. ಮುಂದಿಂದು ಯಾರ್ ತಗೋತಾರ? ಕಡೀ ಪುಸ್ತಕದಾಗ ಕೊಡ್ತೀನಿ."

"ನನಗ ಮಾತು ಕೊಡ್ರಿ ಹಂಗಾರ."

"ಕೊಟ್ಟೆ."

ಇಪ್ಪತ್ತೇಳನೆಯ ಪುಸ್ತಕ ಬರೆದು, ಕಡೆಯದನ್ನು ಬರೆಯದೆಯೇ ಅವನು ತೀರಿಹೋದ. ಗೋದಕ್ಕ ಅವನ ಪುಸ್ತಕಗಳನ್ನೆಲ್ಲ ಕಬ್ಬಿಣದ ಟ್ರಂಕಿಗೆ ಜೋಡಿಸಿದಳು. ನಾನು ಎಲ್ಲಕ್ಕೂ ಕೆಳಗೆ.

ಫ್ರಾನ್ಸಿನಲ್ಲಿ ನಲವತ್ತೆರಡನೆಯ ಕಂತು ಅಚ್ಚಾಗಿರಲೇಬೇಕು. ಅದರಲ್ಲಿ ಏನಿತ್ತೋ ನಾನರಿಯೆ. ಟ್ರಂಕಿನ ಮುಚ್ಚಳ ತೆರೆದು ಬಹಳ ಕಾಲವಾಯಿತು. ನನ್ನ ಮೇಲೆ ಇಪ್ಪತ್ತೇಳು ಪುಸ್ತಕಗಳಿವೆ. ಪ್ರತಿಯೊಂದರ ಕೊನೆಯ ಪುಟದಲ್ಲೂ ಆ ತಾಯಿ ಬಾಗಿಲಲ್ಲಿ ನಿಂತಿದ್ದಾಳೆ.