ಮೂವತ್ತೊಂದನೇ ಕಂಬ ಎಲ್ಲಿ ಹೋಯಿತು?

ಇದ್ವಲ್ ಸೈಕಲ್ ಹತ್ತಿ ಮೊಯ್ಲ್ ಬೆಟ್ಟ ಇಳಿದನೆಂದರೆ ಅವನ ನೆರಳು ಹತ್ತು ನಿಮಿಷ ತಡವಾಗಿ, ಏದುಸಿರು ಬಿಡುತ್ತ ಮನೆಗೆ ಬರುತ್ತಿತ್ತು. ಒಮ್ಮೆ ಅದು ದಾರಿ ತಪ್ಪಿ ಪಕ್ಕದ ಕಣಿವೆಗೆ ಹೋಗಿ, ಅಲ್ಲಿನ ಒಬ್ಬ ಕುಳ್ಳನ ಕಾಲಡಿ ಮೂರು ದಿನ ಕೂಲಿ ಮಾಡಿಕೊಂಡಿತ್ತು. ನಂಬದವರು ಕೂಮ್ ಹೆಲಿಗ್ ಊರಿಗೆ ಬಂದು ಇದ್ವಲ್‌ನನ್ನೇ ಕೇಳಬಹುದು. ಬೇರೆ ಯಾರನ್ನೂ ಕೇಳಬಾರದು.

ಇದ್ವಲ್ ಕುರಿ ಸಾಕುವವನು. ಗುರುವಾರ ಸಂಜೆ ಊರಿನ ಗಂಡಸರ ಜೊತೆ ಮೇಳದಲ್ಲಿ ಹಾಡುತ್ತಿದ್ದ, ಬುಧವಾರ ಸಂಜೆ ಬೆಟ್ಟದ ಸೈಕಲ್ ಹತ್ತುತ್ತಿದ್ದ. ಮೊಯ್ಲ್ ಬೆಟ್ಟದ ಕಾಡಿನಲ್ಲಿ ಸೈಕಲ್ಲಿಗೆಂದೇ ಕಡಿದ ದಾರಿಗಳಿವೆ. ಊರಿನವರೇ ಗುದ್ದಲಿ ಹಿಡಿದು ಕಡಿದದ್ದು. ಇದ್ವಲ್‌ನ ಲೆಕ್ಕದಲ್ಲಿ ಅರ್ಧ ಬೆಟ್ಟವನ್ನು ಅವನೊಬ್ಬನೇ ಕಡಿದಿದ್ದ, ಉಳಿದರ್ಧ ಅವನಿಗೆ ಹೆದರಿ ತಾನೇ ಪಕ್ಕಕ್ಕೆ ಸರಿದಿತ್ತು.

ಆ ದಾರಿಗಳಿಗೆ ಬಣ್ಣಗಳಿವೆ. ಹಸಿರು ಮಕ್ಕಳಿಗೆ. ನೀಲಿ ಹೊಸದಾಗಿ ಕಲಿತವರಿಗೆ. ಕೆಂಪು ಪಳಗಿದವರಿಗೆ. ಕಪ್ಪು ತೀರಾ ನುರಿತವರಿಗೆ. ಅಲ್ಲಿ ಬಂಡೆಯಿಂದ ಬಂಡೆಗೆ ಹಾರಬೇಕು. ತಿರುವು ಬಂದಲ್ಲೆಲ್ಲ ಸೊಂಟದೆತ್ತರದ ಒಂದು ಮರದ ಕಂಬ, ಅದರ ಮೇಲೆ ಬಣ್ಣದ ಪಟ್ಟಿ, ಒಂದು ಬಾಣ, ಕೆಳಗೆ ಒಂದು ನಂಬರು.

ಅಕ್ಟೋಬರಿನ ಒಂದು ಬೆಳಿಗ್ಗೆ ಐರ್ಲಿಸ್ ಕಾಗದ ಕೊಡಲು ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಐರ್ಲಿಸ್ ಇದ್ವಲ್‌ನ ಹೆಂಡತಿ ಮೆರೆರಿಡ್‌ಳ ತಂಗಿ. ಊರಿಗೆ ಅಂಚೆ ಹಂಚುತ್ತಾಳೆ. ಬೆಟ್ಟದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಹೊತ್ತು ತರುವ ಪಡೆಯಲ್ಲೂ ಇದ್ದಾಳೆ. ಮೆರೆರಿಡ್ ಆಗಲೇ ಶಾಲೆಯ ಅಡುಗೆ ಕೆಲಸಕ್ಕೆ ಹೋಗಿಯಾಗಿತ್ತು.

"ಇದ್ವಲ್, ಬೆಟ್ಟದ ಮೇಲೆ ಒಂದು ಕಂಬ ಕಾಣ್ತಿಲ್ಲ. ಕೆಂಪು ದಾರಿ ಎಡಕ್ಕೆ, ಕಪ್ಪು ಬಲಕ್ಕೆ ಒಡೆಯುತ್ತಲ್ಲ, ಅಲ್ಲಿಂದು. ನೀನೇನಾದ್ರೂ ನೋಡಿದ್ಯಾ?"

"ಹೋದ ವಾರದ ಗಾಳಿ ಮರೆತೋಯ್ತಾ ನಿಂಗೆ? ನನ್ನ ಮೂರು ಕುರಿ ಹಾರ್ಕೊಂಡು ಹೋಗಿ ಚಾಪೆಲ್ ಸೂರಿನ ಮೇಲೆ ಕೂತಿದ್ವು. ಕಂಬ ಯಾವ ಲೆಕ್ಕ!"

"ಹೌದಾ? ಮೂರೂ ಸ್ತೋತ್ರ ಹಾಡಿದ್ವಾ?"

"ಎರಡು ಹಾಡಿದ್ವು. ಒಂದಕ್ಕೆ ಗಂಟಲು ಕಟ್ಟಿತ್ತು."

ಐರ್ಲಿಸ್ ನಗಲಿಲ್ಲ. "ಹೊಸ ಕಂಬ ಬರೋದು ತಡ ಆಗುತ್ತೆ. ಶನಿವಾರ ನಾನೇ ಒಂದು ಹಲಗೆ ಕಟ್ಟಿ ಬರ್ತೀನಿ. ಅಲ್ಲಿವರೆಗೂ ಯಾರೂ ಆ ಕಡೆ ಹೋಗ್ಬೇಡಿ. ಅಕ್ಕನಿಗೂ ಹೇಳು."

"ಅಯ್ಯೋ, ಒಂದು ಮರದ ತುಂಡಿಗೆ ಇಷ್ಟು ರಂಪ ಯಾಕೆ? ನಮ್ಮ ಬೆಟ್ಟ ನಮಗೆ ಗೊತ್ತಿಲ್ವಾ? ನಂಬರ್ ಹಾಕೋಕೆ ಅದೇನು ಆಸ್ಪತ್ರೆ ಮಂಚಾನಾ?"

"ಬಿದ್ದೋರು ಎಲ್ಲಿ ಬಿದ್ದಿದಾರೆ ಅಂತ ಫೋನಲ್ಲಿ ಹೇಳೋಕೆ ಕಣೋ ಅದು."

"ಹೌಯೆಲ್‌ನ ಟಗರು ಕುಡಿದು ಬಿದ್ದ ಬಂಡೆ ಹತ್ರ ಅಂದ್ರಾಯ್ತು. ಎಲ್ರಿಗೂ ಗೊತ್ತು."

"ಈ ಊರಲ್ಲಿ ಎಲ್ರಿಗೂ ಗೊತ್ತು. ಫೋನ್ ಎತ್ತೋರು ಈ ಊರೋರಲ್ಲ."

ಇದ್ವಲ್ ಚಹಾ ಹೀರಿದ. ಕೂಮ್ ಹೆಲಿಗ್‌ನಲ್ಲಿ ಯಾವ ಜಾಗಕ್ಕೂ ವಿಳಾಸವೆಂಬುದಿಲ್ಲ, ಕಥೆಯಿದೆ. ಟಗರು ಬಿದ್ದ ಬಂಡೆ, ಪಾದ್ರಿಯ ಟೋಪಿ ಸಿಕ್ಕಿಕೊಂಡ ಮರ, ಅತ್ತೆ ಸೊಸೆ ಮಾತು ಬಿಟ್ಟ ಗೇಟು. ಹುಟ್ಟಿದಾಗಿನಿಂದ ಇವನ್ನೇ ಕೇಳಿ ಬೆಳೆದವರಿಗೆ ನಂಬರು ಹೇಳುವುದೆಂದರೆ ಹೆತ್ತ ತಾಯಿಯನ್ನು ಪಾಸ್‌ಪೋರ್ಟ್ ತೋರಿಸು ಎಂದು ಕೇಳಿದಂತೆ.

ಮೆರೆರಿಡ್‌ಳಿಗೆ ಕಂಬದ ಮಾತು ಹೇಳಬೇಕಿತ್ತು. ಇದ್ವಲ್ ಹೇಳಲಿಲ್ಲ. ಕಂಬದ ಮಾತು ಎತ್ತುವುದೇ ಅವನಿಗೆ ಬೇಕಿರಲಿಲ್ಲ.

ಬುಧವಾರ ಸಂಜೆ ಅವಳೂ ಹೊರಟಳು. ಮಂಡಿ ನೋವೆಂದು ಬಹಳ ದಿನ ಸೈಕಲ್ ಮುಟ್ಟದವಳು. "ಕೆಂಪು ದಾರಿ ಅಷ್ಟೇ. ಕಪ್ಪು ಕಡೆ ಕಣ್ಣೆತ್ತಿ ನೋಡಲ್ಲ, ಈಗಲೇ ಹೇಳಿದೀನಿ," ಎಂದಳು.

"ನನ್ನ ಹಿಂದೆ ಬಾ. ನಾನು ಹೋದ ದಾರೀಲಿ ಹಾವೂ ಜಾರಲ್ಲ," ಎಂದ ಇದ್ವಲ್.

ತುಂತುರು ಹನಿಯುತ್ತಿತ್ತು. ಬೆಳಕು ಕರಗುತ್ತಿತ್ತು. ಇಳಿಜಾರು ಕಂಡೊಡನೆ ಇದ್ವಲ್‌ಗೆ ಹಿಂದೆ ಹೆಂಡತಿ ಇದ್ದಾಳೆಂಬುದೇ ಮರೆತುಹೋಯಿತು. ಕವಲಿನಲ್ಲಿ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ, ಕೆಳಗಿನ ಹಳ್ಳದ ಹತ್ತಿರ ನಿಂತು, ತಾನು ಎಷ್ಟು ಬೇಗ ಬಂದೆನೆಂದು ತನಗೇ ಹೇಳಿಕೊಳ್ಳುತ್ತಿದ್ದ. ಆಗ ಮೇಲಿನಿಂದ ಕಬ್ಬಿಣ ಬಂಡೆಗೆ ಬಡಿದ ಸದ್ದು ಬಂತು. ಆಮೇಲೆ ಒಂದು ಕೂಗು.

ಹತ್ತಿ ಓಡಿದ. ಕವಲಿನಲ್ಲಿ ಎಡದ ದಾರಿಯನ್ನು ಉದುರಿದ ಎಲೆ ಮುಚ್ಚಿತ್ತು. ಬಲದ್ದು ಗುಡಿಸಿದ ಹಾಗೆ ಸ್ವಚ್ಛವಾಗಿ ಕಾಣುತ್ತಿತ್ತು. ಮೆರೆರಿಡ್ ಸ್ವಚ್ಛ ಕಂಡ ಕಡೆ ಹೋಗಿದ್ದಳು. ಆಳೆತ್ತರದ ಬಂಡೆಯಿಂದ ಕೆಳಗೆ ಬಿದ್ದಿದ್ದಳು. ಬಲತೊಡೆ ಬಾಗಬಾರದ ಕಡೆ ಬಾಗಿತ್ತು. ಅವಳ ಫೋನು ಎರಡು ಹೋಳಾಗಿ ಪಕ್ಕದಲ್ಲಿತ್ತು.

"ಕಂಬ ನೋಡ್ತಾ ನೋಡ್ತಾ ಬಂದೆ," ಎಂದಳು ಹಲ್ಲು ಕಚ್ಚಿ. "ಕಂಬ ಸಿಕ್ಕಿದ ತಕ್ಷಣ ಎಡಕ್ಕೆ ಅಂತ. ಎಲ್ಲಿ ಹೋಯ್ತು ಇದ್ವಲ್ ಆ ಕಂಬ?"

"ಗಾಳಿಗೆ ಹೋಯ್ತು," ಎಂದ ಇದ್ವಲ್.

ಬೆಟ್ಟದಲ್ಲಿ ಯಾರಾದರೂ ಬಿದ್ದರೆ ಏನು ಮಾಡಬೇಕೆಂದು ಐರ್ಲಿಸ್ ಒಮ್ಮೆ ಚಾಪೆಲ್ ಹಿಂದಿನ ಕೋಣೆಯಲ್ಲಿ ಊರಿನವರಿಗೆಲ್ಲ ಪಾಠ ಮಾಡಿದ್ದಳು. ಆ ದಿನ ಇದ್ವಲ್ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಆದರೂ ಕಿವಿಗೆ ಬಿದ್ದದ್ದು ಸ್ವಲ್ಪ ಉಳಿದಿತ್ತು. ಬಿದ್ದವರನ್ನು ಎಳೆದಾಡಬಾರದು. ಅವನು ಎಳೆಯಲಿಲ್ಲ. ಮೇಲಿನಿಂದ ಇನ್ನೊಬ್ಬರು ಬಂದು ಅವಳ ಮೇಲೇ ಬೀಳದ ಹಾಗೆ ಅವಳ ಸೈಕಲ್ಲನ್ನು ಕವಲಿಗೆ ಹೊತ್ತೊಯ್ದು ದಾರಿಗೆ ಅಡ್ಡ ಮಲಗಿಸಿದ. ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ಬಂಡೆಯ ಮರೆಯಲ್ಲಿ ನೆನೆಯದೆ ಉಳಿದಿದ್ದ ಒಣ ಜರಿಗಿಡ ಕಿತ್ತು ಅವಳ ಬೆನ್ನಿನ ಪಕ್ಕಗಳಿಗೆ ಒತ್ತಿದ. ಆಮೇಲೆ ತನ್ನ ಫೋನು ತೆಗೆದ. ಒಳ್ಳೆಯ ಫೋನು ಕುರಿ ತೊಳೆಯುವ ತೊಟ್ಟಿಗೆ ಬಿದ್ದ ಮೇಲೆ ಅವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯದು. ಅದರಲ್ಲಿ ನಕ್ಷೆಯೂ ಇಲ್ಲ, ಏನೂ ಇಲ್ಲ.

"ಬೆಟ್ಟದ ರಕ್ಷಣೆಯವರು ಬೇಕು," ಎಂದ.

ಎಲ್ಲೋ ದೂರದ ಪಟ್ಟಣದಿಂದ ಒಬ್ಬ ಹೆಂಗಸು ಕೇಳಿದಳು: "ಎಲ್ಲಿದೀರಾ ಸರ್?"

"ಟಗರು ಕುಡಿದು ಬಿದ್ದ ಬಂಡೆ ಹತ್ರ."

"ಯಾವ ಟಗರು ಸರ್?"

"ಹೌಯೆಲ್‌ದು!"

"ಸರ್, ಬಿದ್ದಿರೋದು ಟಗರಾ, ಮನುಷ್ಯರಾ?"

"ನನ್ನ ಹೆಂಡ್ತಿ! ಮೊಯ್ಲ್ ಬೆಟ್ಟದ ಸೈಕಲ್ ದಾರೀಲಿ!"

"ಹತ್ತಿರದಲ್ಲಿ ಕಂಬ ಇರುತ್ತೆ ನೋಡಿ. ಅದರ ಮೇಲೆ ನಂಬರ್ ಇರುತ್ತೆ. ಅದೊಂದು ಹೇಳಿ ಸಾಕು."

ಇದ್ವಲ್ ಕವಲಿನ ಕಡೆ ನೋಡಿದ. ಕಂಬವಿದ್ದ ಜಾಗದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ಮಳೆನೀರು. ನೂರು ಸಲವಲ್ಲ, ಸಾವಿರ ಸಲ ಆ ಕಂಬದ ಪಕ್ಕದಲ್ಲಿ ಹಾದುಹೋಗಿದ್ದ. ನಂಬರನ್ನು ಒಂದು ಸಲವೂ ನೋಡಿರಲಿಲ್ಲ.

"ಕಂಬ ಇಲ್ಲ," ಎಂದ.

"ಅದಕ್ಕೂ ಮುಂಚಿನ ಕಂಬದ್ದು ಹೇಳಿ."

ಅದಕ್ಕೂ ಮುಂಚಿನದು ಬೆಟ್ಟದ ತುದಿಯಲ್ಲಿ. ಅವಳೊಬ್ಬಳನ್ನೇ ಕತ್ತಲಲ್ಲಿ ಬಿಟ್ಟು ಹೋಗಲು ಕಾಲು ಬರಲಿಲ್ಲ. ಬೆಟ್ಟದ ಯಾವ ಪಕ್ಕ, ಯಾವ ಹಳ್ಳದ ಮೇಲೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದ. ಹೇಳಿದ್ದೆಲ್ಲ ಕಥೆಯೇ. ಊರಿನ ಪಡೆಯಲ್ಲಿದ್ದ ಐರ್ಲಿಸ್ ಇದ್ದಿದ್ದರೆ ಟಗರು ಎಂದ ಕೂಡಲೇ ಓಡಿ ಬರುತ್ತಿದ್ದಳು. ಆದರೆ ಆ ಸಂಜೆ ಊರಿನ ಪಡೆ ಇನ್ನೊಂದು ಬೆಟ್ಟದಲ್ಲಿ ಕಳೆದುಹೋದ ಚಾರಣಿಗರನ್ನು ಹುಡುಕುತ್ತಿತ್ತು. ಇಲ್ಲಿಗೆ ಹೊರಟವರು ಪಕ್ಕದ ಕಣಿವೆಯವರು. ಅವರಿಗೆ ಹೌಯೆಲ್‌ನ ಟಗರು ಗೊತ್ತಿಲ್ಲ, ಹೌಯೆಲ್ ಯಾರೆಂದೂ ಗೊತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ದೀಪಗಳು ಕಂಡವು. ಕಂಡದ್ದು ಎದುರಿನ ಇಳಿಜಾರಿನಲ್ಲಿ. ಇದ್ವಲ್ ಕೂಗಿದ. ಮೇಳದಲ್ಲಿ ಅವನ ದನಿಗೆ ಕಿಟಕಿ ಗಾಜು ಅದುರುತ್ತದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ದನಿ ಹಳ್ಳ ದಾಟಲಿಲ್ಲ. ದೀಪಗಳು ಸಾಲಾಗಿ ಅತ್ತ ಕಡೆಗೇ ನಡೆದುಹೋದವು.

"ನಡುಕ ನಿಂತೋಯ್ತು ಇದ್ವಲ್," ಎಂದಳು ಮೆರೆರಿಡ್ ಸಣ್ಣ ದನಿಯಲ್ಲಿ. "ನಿದ್ದೆ ಬರ್ತಿದೆ."

ಪಾಠದ ದಿನ ಐರ್ಲಿಸ್ ಬೆಂಚು ತಟ್ಟಿ ಹೇಳಿದ್ದಳು: ಚಳಿಗೆ ನಡುಗೋರನ್ನ ಕಂಡು ಹೆದರಬೇಡಿ, ನಡುಕ ನಿಲ್ತಲ್ಲ, ಆಗ ಹೆದರಿ.

"ನಿದ್ದೆ ಮಾಡ್ಬೇಡ. ಬೈಯೇ ನನ್ನ. ಬಾಯಿಗೆ ಬಂದ ಹಾಗೆ ಬೈತಾ ಇರು," ಎಂದು ಹೇಳಿ ಅವಳನ್ನು ಅಲುಗಿಸದೆ ಮೈಗೆ ಮೈ ಒತ್ತಿ ಮಲಗಿ, ಒಂದು ಕೈಯಲ್ಲಿ ಮನೆಗೆ ಫೋನು ಮಾಡಿದ. ಅವನ ತಾಯಿ ಹೈಲ್ವೆನ್ ಎತ್ತಿದಳು.

"ಅಮ್ಮ, ಟಾರ್ಚ್ ತಗೊಂಡು ಕೋಳಿಗೂಡಿನ ಹತ್ರ ಹೋಗು. ಬೇಗ."

"ಈಗ ಮೊಟ್ಟೆ ಯಾಕೋ?"

"ಮೊಟ್ಟೆ ಅಲ್ಲಮ್ಮ! ಗೂಡಿನ ಬಾಗಿಲಿಗೆ ಒಂದು ಕಂಬ ಇದೆಯಲ್ಲ, ಅದರ ಮೇಲೊಂದು ನಂಬರ್ ಇದೆ. ಓದಿ ಹೇಳು."

"ಊಟಕ್ಕೆ ಬರ್ತೀರೋ ಇಲ್ವೋ? ಸಾರು ಆರ್ತಾ ಇದೆ."

"ಅಮ್ಮಾ!"

ಆ ದನಿಗೆ ಹೈಲ್ವೆನ್ ಮತ್ತೇನೂ ಕೇಳಲಿಲ್ಲ. ಬಾಗಿಲ ಸದ್ದು, ಕೋಳಿಗಳ ಕೊಕ್ಕೊಕ್ಕೋ, ಆಮೇಲೆ ಓಡಿ ಬಂದ ಮುದುಕಿಯ ಉಸಿರು. "ಮೂವತ್ತೊಂದು ಕಣೋ. ಮೇಲೆಲ್ಲ ಕೋಳಿ ಹಿಕ್ಕೆ. ಏಪ್ರನ್ನಲ್ಲಿ ಒರೆಸಿ ಓದ್ದೆ. ಮೂವತ್ತೊಂದೇ."

ಮೆರೆರಿಡ್ ಕಣ್ಣು ತೆರೆದಳು. "ನಮ್ಮ ಕೋಳಿಗೂಡಾ?"

"ಗಾಳಿ ತಂದು ಹಾಕಿತ್ತು," ಎಂದ ಇದ್ವಲ್.

ಅವಳು ಅದುವರೆಗೂ ಬೈಯುತ್ತಿದ್ದದ್ದನ್ನು ನಿಲ್ಲಿಸಿದಳು.

ಮೂವತ್ತೊಂದು ಎಂಬ ಆ ಒಂದು ಮಾತು ಪಟ್ಟಣ ತಲುಪಿ, ಅಲ್ಲಿಂದ ಬೆಟ್ಟಕ್ಕೆ ಬಂದಾಗ, ಎದುರಿನ ಇಳಿಜಾರಿನಲ್ಲಿ ಹೋಗುತ್ತಿದ್ದ ದೀಪಗಳು ಯಾರೋ ಹೆಸರು ಹಿಡಿದು ಕರೆದ ಹಾಗೆ ನಿಂತವು. ತಿರುಗಿದವು. ಹಳ್ಳ ಇಳಿದು ನೇರ ಇವರ ಕಡೆಗೇ ಹತ್ತಿದವು. ಬಂದವರು ಮೆರೆರಿಡ್‌ಳನ್ನು ಬಿಸಿ ಚೀಲದಲ್ಲಿ ಸುತ್ತಿ, ಕಾಲಿಗೆ ಪಟ್ಟಿ ಕಟ್ಟಿ, ಸ್ಟ್ರೆಚರಿಗೆ ಎತ್ತಿದರು. ಅವರ ಮುಖ್ಯಸ್ಥ ಗಡ್ಡದ ನೀರು ಒರೆಸಿಕೊಳ್ಳುತ್ತ, "ನಂಬರ್ ಮೊದಲೇ ಹೇಳಿದ್ರೆ ಯಾವಾಗಲೋ ಬಂದುಬಿಡ್ತಿದ್ವಿ," ಎಂದ. ಗದರಿಸಲಿಲ್ಲ. ಗದರಿಸಿದ್ದರೇ ಚೆನ್ನಾಗಿತ್ತೆಂದು ಇದ್ವಲ್‌ಗೆ ಅನಿಸಿತು.

ಆಸ್ಪತ್ರೆಯಲ್ಲಿ ತೊಡೆಯೊಳಗೆ ಸರಳು ಹಾಕಿದರು. ಇನ್ನೊಂದಿಷ್ಟು ಹೊತ್ತು ಅಲ್ಲೇ ಬಿದ್ದಿದ್ದರೆ ಜೀವವೇ ಉಳಿಯುತ್ತಿರಲಿಲ್ಲ, ಕಾಲಿನ ಮಾತು ಹಾಗಿರಲಿ ಎಂದರು ವೈದ್ಯರು.

ಮೆರೆರಿಡ್ ಮನೆಗೆ ಬಂದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಷ್ಟೇ. ಇದ್ವಲ್ ಹೊಸ ಹೊಸ ಸುಳ್ಳು ಕಟ್ಟಿ ಹೇಳಿದರೂ ಮೊದಲಿನಂತೆ "ಥೂ ಸುಳ್ಳ" ಎಂದು ನಗುತ್ತಿರಲಿಲ್ಲ. ಮಾತಿನ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು.

ಐರ್ಲಿಸ್ ಚಾಪೆಲ್ ಹಿಂದಿನ ಕೋಣೆಯಲ್ಲಿ ಸೈಕಲ್ಲಿನವರನ್ನೆಲ್ಲ ಸೇರಿಸಿದಳು. ಚಹಾ ಇತ್ತು, ಬೆಣ್ಣೆ ಸವರಿದ ದ್ರಾಕ್ಷಿ ರೊಟ್ಟಿ ಇತ್ತು. "ಏನಾಯ್ತು ಅಂತ ನೀನೇ ಹೇಳು," ಎಂದು ಇದ್ವಲ್‌ನನ್ನು ಎಬ್ಬಿಸಿ ನಿಲ್ಲಿಸಿದಳು. ಜನ ಕಂಡದ್ದೇ ಇದ್ವಲ್‌ನ ನಾಲಿಗೆಗೆ ರೆಕ್ಕೆ ಬಂತು.

"ಎಂಥಾ ಗಾಳಿ ಅಂತೀರಿ! ಕಂಬಾನ ಕೋಳಿಪುಕ್ಕದ ಹಾಗೆ ಎತ್ತಿ, ಎರಡು ಮೈಲಿ ಹಾರಿಸಿ, ನೇರ ನನ್ನ ಕೋಳಿಗೂಡಿನ ಬಾಗಿಲಿಗೇ ತಂದು..."

"ಇದ್ವಲ್," ಎಂದಳು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ಮೆರೆರಿಡ್. "ಬಾಗಿಲಿನ ಕೀಲೂ ಗಾಳೀನೇ ಜೋಡಿಸ್ತಾ?"

ಯಾರೋ ಕಿಸಕ್ಕೆಂದರು.

"ಮೊಳೆಗಳನ್ನ ಬಾಯಲ್ಲಿ ಕಚ್ಕೊಂಡು, ಒಂದೊಂದಾಗಿ ಹೊಡೀತಾ ಗಾಳಿ?"

ಕೋಣೆ ತುಂಬ ನಗು ಎದ್ದಿತು. ಮೆರೆರಿಡ್ ನಗಲಿಲ್ಲ. ಅವಳು ನಗದಿರುವುದನ್ನು ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು.

ಇದ್ವಲ್ ಚಹಾದ ಬಟ್ಟಲು ಕೆಳಗಿಟ್ಟ.

"ಗಾಳಿ ಅಲ್ಲ," ಎಂದ. "ಕಂಬ ಕಿತ್ತಿದ್ದು ನಾನು. ಗೂಡಿನ ಬಾಗಿಲು ಜೋತಾಡ್ತಿತ್ತು. ಅಂಗಡಿಗೆ ಹೋಗೋಕೆ ಸೋಮಾರಿತನ. ಆ ಕಂಬ ಹೊರಗಿಂದ ಬರೋರಿಗೆ, ನಮಗ್ಯಾಕೆ ಅಂದ್ಕೊಂಡೆ. ಐರ್ಲಿಸ್ ಮನೆಗೆ ಬಂದು ಕೇಳಿದ ದಿನವೂ ಹೇಳ್ಲಿಲ್ಲ. ಮೆರೆರಿಡ್ ಅಲ್ಲಿ ಬಿದ್ದು ಕೇಳಿದಾಗಲೂ ಹೇಳ್ಲಿಲ್ಲ. ಅವಳು ಆ ಕಂಬಾನೇ ಹುಡುಕ್ತಾ ಇದ್ಲು. ಇಷ್ಟೇ ನಿಜ. ಇದರಲ್ಲಿ ಒಂದಕ್ಷರ ಜಾಸ್ತಿ ಇಲ್ಲ."

ಅವನು ಹೆಂಡತಿಯ ಮುಖ ನೋಡಿದ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ಕೆಳಗಿಟ್ಟಳು. ಕುರ್ಚಿ ಖಾಲಿಯಾಯಿತು. ಇದ್ವಲ್ ಕೂರುವ ಮೊದಲು ಇನ್ನಷ್ಟು ಹೇಳಿದ. ಅದು ನಿಮಗೂ ಸೇರಿ ಹೇಳಿದ್ದು:

"ಬೆಟ್ಟ ಹತ್ತೋ ಮುಂಚೆ ದಾರಿ ಬಣ್ಣ ನೋಡಿ. ನಿಮಗೆ ಆಗೋ ಬಣ್ಣ ಹಿಡೀರಿ, ಹೆಂಡ್ತಿ ಮುಂದೆ ಗಂಡ್ಸುತನ ತೋರಿಸೋಕೆ ಕಪ್ಪು ಹಿಡೀಬೇಡಿ. ಪ್ರತಿ ಕಂಬ ದಾಟೋವಾಗ ಅದರ ನಂಬರ್ ಒಂದ್ಸಲ ಬಾಯಲ್ಲಿ ಹೇಳ್ಕೊಳ್ಳಿ. ಜೊತೇಲಿ ಬಂದೋರನ್ನ ಕವಲಲ್ಲಿ ನಿಂತು ಕಾಯಿರಿ. ದಾರಿ ಮುಚ್ಚಿದೆ ಅಂತ ಹಲಗೆ ಇದ್ರೆ, ಅದು ನಿಮಗೂ ಸೇರಿ ಬರೆದಿರೋದು, ನೀವು ಆ ಊರಲ್ಲೇ ಹುಟ್ಟಿದ್ರೂನೂ. ಕಂಬ ಕಾಣ್ಲಿಲ್ವಾ, ಅವತ್ತೇ ತಿಳಿಸಿ. ಇನ್ನು, ನಿಮ್ಮ ಹಿತ್ತಲಲ್ಲಿ ಬೆಟ್ಟದ ಕಂಬಾನೋ ಬಾಣದ ಹಲಗೇನೋ ಇದ್ರೆ ನಾಳೆ ಬೆಳಿಗ್ಗೆನೇ ತಂದುಕೊಡಿ. ಯಾರೂ ಏನೂ ಕೇಳಲ್ಲ. ಕೇಳಿದ್ರೂ ಗಾಳಿ ತಂತು ಅನ್ಬೇಡಿ. ಅದನ್ನ ನಾನು ಹೇಳಿ ನೋಡಿಯಾಯ್ತು."