ಮುದ್ರೆಯ ಕೆಳಗಿನ ಟೊಳ್ಳು

ನಾನು ಐದು ಕೆಜಿಯ ಒಂದು ತೂಕದ ಕಲ್ಲು. ಕಲ್ಲೆಂದು ಕರೆದರೂ ಹುಟ್ಟಿದ್ದು ಎರಕದ ಕಬ್ಬಿಣದಲ್ಲಿ. ನನ್ನ ಅಡಿಯ ಕುಳಿಗೆ ಸೀಸ ತುಂಬಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸರಿಮಾಡಿ, ಆ ಸೀಸದ ಮೇಲೆ ಸರ್ಕಾರದ ಮುದ್ರೆ ಒತ್ತಿದರು. ಅಂದು ನನಗಿದ್ದ ಜಂಬ ಹೇಳತೀರದು.

ನನ್ನನ್ನು ಕೊಂಡವನು ರೇಷನ್ ಅಂಗಡಿಯ ಪರಪ್ಪ. ಮನೆಗೆ ಒಯ್ದವನೇ ಉಳಿ ಹಿಡಿದು ಸೀಸವನ್ನೆಲ್ಲ ಕೆರೆದು ತೆಗೆದ. ಕುಳಿಯ ಬಾಯಿಗೆ ತೆಳ್ಳನೆಯದೊಂದು ಸೀಸದ ಬಿಲ್ಲೆ ಮುಚ್ಚಿದ. ವರ್ಷಕ್ಕೊಮ್ಮೆ ಮುದ್ರೆ ಹಾಕಲು ಬರುವ ತೂಕ-ಅಳತೆಯ ಸಾಹೇಬರು ನನ್ನನ್ನು ತಕ್ಕಡಿಗೆ ಏರಿಸಲೇ ಇಲ್ಲ. ಪರಪ್ಪನ ಚಹಾ ಕುಡಿಯುತ್ತ ಬಿಲ್ಲೆಯ ಮೇಲೆ ಹೊಸ ಮುದ್ರೆ ಒತ್ತಿ ಎದ್ದರು. ಕಬ್ಬಿಣಕ್ಕೆ ಮರೆವಿಲ್ಲ. ನಾನು ಕಾಯತೊಡಗಿದೆ.

ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುವ ಹುಲಿಗೆವ್ವನ ಅಂಗೈಯೇ ಒಂದು ತಕ್ಕಡಿ. ಒಮ್ಮೆ ರೇಷನ್ ಜೋಳದ ಚೀಲ ಎತ್ತಿದವಳೇ ತೂಕ ಕಮ್ಮಿ ಎಂದಳು. ಪರಪ್ಪ ನನ್ನನ್ನು ಬೋರಲು ಹಾಕಿ ಮುದ್ರೆ ತೋರಿಸಿದ.

“ಸರಕಾರ ಸುಳ್ಳ ಹೇಳ್ತೈತೇನ್ ಬೇ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಲಿಗೆವ್ವ ಚೀಲ ಹೊತ್ತು ಮನೆಯ ದಾರಿ ಹಿಡಿದಳು.

ಮುಂದಿನ ಸಂತೆಗೆ ಸಾಹೇಬರು ತಪಾಸಣೆಗೆಂದು ಜೀಪಿನಲ್ಲಿ ಬಂದರು. ಮುದ್ರೆ ಹಾಕುವ ದಿನ ಜ್ವರದಲ್ಲಿ ಮಲಗಿದ್ದ ಹುಲಿಗೆವ್ವನ ಐದು ಕೆಜಿ ಕಲ್ಲಿಗೆ ಆ ವರ್ಷದ ಮುದ್ರೆ ಇರಲಿಲ್ಲ. ತೂಕ ಸರಿಯಿದೆ, ಏರಿಸಿ ನೋಡಿ ಎಂದು ಅವಳು ಎಷ್ಟು ಬೇಡಿಕೊಂಡರೂ ಕೇಳದೆ, ಕಲ್ಲನ್ನು ಕಸಿದು ಜೀಪಿಗೆ ಹಾಕಿಸಿದರು. ಅವಳು ನೆಟ್ಟಗೆ ಪರಪ್ಪನಲ್ಲಿಗೆ ಬಂದು, ಮುದ್ರೆಯಿರುವ ಕಲ್ಲನ್ನು ಒಂದು ದಿನದ ಮಟ್ಟಿಗೆ ಕೇಳಿದಳು.

“ಒಯ್ಯಿ, ಇದರಾಗ ನಿನಗೂ ಚಲೋ ಆಕ್ಕೈತಿ,” ಎಂದು ಅವನು ಕಣ್ಣು ಮಿಟುಕಿಸಿದ.

ನನ್ನನ್ನು ಎತ್ತುತ್ತಲೇ ಅವಳ ಅಂಗೈಗೆ ಎಲ್ಲ ತಿಳಿಯಿತು. ಸಂತೆಗೆ ಮರಳಿದವಳು ಯಾರಿಗೂ ಒಂದು ಕಾಯಿಯನ್ನೂ ತೂಗಲಿಲ್ಲ. ಪ್ರತಿ ವರ್ಷವೂ ತನ್ನಲ್ಲೇ ಐದು ಕೆಜಿ ಮೆಣಸಿನಕಾಯಿ ಒಯ್ಯುವ ಸಾಹೇಬರನ್ನು ಕೂಗಿ ಕರೆದಳು, ಮುದ್ರೆ ತೋರಿಸಿದಳು, ನನ್ನನ್ನಿಟ್ಟು ತೂಗಿದಳು. ಆಮೇಲೆ ಮೆಲ್ಲಗೆ ಹೇಳಿದಳು, “ಸಾಹೇಬ್ರ, ನನ್ನ ಕಲ್ಲು ನಿಮ್ಮ ಜೀಪಿನ್ಯಾಗ ಐತೆಲ್ರೀ. ತರಸ್ರಿ, ಅದರಲೇ ಒಮ್ಮೆ ತೂಗೂಣು.”

ಜನ ಸೇರಿದರು. ಕಲ್ಲು ಬಂತು. ಅದನ್ನಿಟ್ಟ ತಟ್ಟೆ ನೆಲ ಮುಟ್ಟಿತು. ಮೆಣಸಿನಕಾಯಿಯ ತಟ್ಟೆ ಮೇಲೇರಿತು.

“ನನಗೇ ಮೋಸ ಮಾಡ್ತೀಯೇನು?” ಸಾಹೇಬರು ಗದರಿದರು.

ಅವಳು ನನ್ನನ್ನು ಅವರ ಬೂಟಿನ ಮುಂದೆ ಬೋರಲಿಟ್ಟಳು. ಎಲೆಯಡಿಕೆ ಸಂಚಿಯಿಂದ ಅಡಕೊತ್ತು ತೆಗೆದು ಬಿಲ್ಲೆ ಮೀಟಿದಳು. ಟೊಳ್ಳು ಬಾಯಿಬಿಟ್ಟಿತು.

“ಮುದ್ರಿ ನಿಮ್ದರೀ. ಸರಕಾರ ಸುಳ್ಳ ಹೇಳ್ತೈತೇನ್ರೀ?”

ಅಂದು ಯಾರೂ ನಗಲಿಲ್ಲ. ಆ ಮಾತೂ ಆ ಕಲ್ಲೂ ಯಾರವೆಂದು ಗೊತ್ತಿದ್ದ ಎಲ್ಲರೂ ಪರಪ್ಪನ ಅಂಗಡಿಯತ್ತ ನಡೆದರು.

ಈಗ ನಾನು ಕೋರ್ಟಿನಲ್ಲಿ ಸಾಕ್ಷಿಯ ಸಾಮಾನಿಡುವ ಮುದ್ದೆಮಾಲಿನ ಕೋಣೆಯಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ತುಕ್ಕು ಹಿಡಿಯುತ್ತಿದ್ದೇನೆ. ಹೊಸ ಸಾಹೇಬರು ಸಂತೆಯ ನಡುವೆಯೇ ಕೂತು, ಪ್ರತಿ ಕಲ್ಲನ್ನೂ ತೂಗಿ ತೋರಿಸಿ ಮುದ್ರೆ ಹಾಕುತ್ತಾರಂತೆ. ಆದರೂ ಜನ ರೇಷನ್ ಚೀಲ ಹೊತ್ತು ಹುಲಿಗೆವ್ವನ ತಕ್ಕಡಿಗೇ ಹೋಗುತ್ತಾರಂತೆ. ಹೋಗಲಿ. ಸೀಸ ಕೆರೆದು ತೆಗೆಯಲು ಪರಪ್ಪನಿಗೆ ಒಂದು ಗಳಿಗೆ ಸಾಕಾಗಿತ್ತು. ನಂಬಿಕೆಯನ್ನು ಅಷ್ಟು ಬೇಗ ತುಂಬಲು ಬರುವುದಿಲ್ಲ.

ನನ್ನ ಹೊಟ್ಟೆ ಇಂದಿಗೂ ಖಾಲಿ. ಆದರೆ ತಮ್ಮ ಮುದ್ರೆಯನ್ನು ತಾವೇ ನೋಡುತ್ತ ನಿಂತ ಆ ಹಳೆಯ ಸಾಹೇಬರ ಮುಖ ನೆನಪಾದಾಗಲೆಲ್ಲ, ಸೀಸ ತುಂಬಿಕೊಂಡಷ್ಟು ಸಮಾಧಾನ.